ಹಳೆಯ ಕಾರು: ನೇರ ಮಾರಾಟವೋ, ಎಕ್ಸ್‌ಚೇಂಜೋ?

ಪ್ರಶ್ನೆ:
ಏಳು ವರ್ಷ ಬಳಸಿದ ಕಾರನ್ನು ಕೊಟ್ಟು ಹೊಸದನ್ನು ಕೊಳ್ಳಬೇಕೆಂದಿದ್ದೇನೆ. ಶೋರೂಮಿನವರು ಹಳೆಯ ಕಾರಿಗೆ ಕಟ್ಟಿದ ಬೆಲೆ, ಅದೇ ಮಾದರಿಯ ಕಾರುಗಳಿಗೆ ಜಾಹೀರಾತುಗಳಲ್ಲಿ ಕಾಣುವ ಬೆಲೆಗಿಂತ ಬಹಳ ಕಡಿಮೆಯಿದೆ. ಎಕ್ಸ್‌ಚೇಂಜ್ ಬೋನಸ್ ಸೇರಿಸಿದರೆ ಅಂತರ ಹೆಚ್ಚೇನೂ ಉಳಿಯದೆಂಬುದು ಅವರ ವಾದ. ಕಾರಿನ ಮೇಲೆ ಸ್ವಲ್ಪ ಸಾಲವೂ ಬಾಕಿಯಿದೆ. ನಾನೇ ಗಿರಾಕಿಯನ್ನು ಹುಡುಕಿ ಮಾರುವುದು ಲೇಸೇ?

ಉತ್ತರ 1:
ಜಾಹೀರಾತಿನಲ್ಲಿರುವುದು ಮಾರುವವರು ಕೇಳುವ ಬೆಲೆಯೇ ಹೊರತು ಅವರ ಕೈಸೇರುವ ಬೆಲೆಯಲ್ಲ. ಡೀಲರ್ ಆ ಕಾರನ್ನು ದುರಸ್ತಿ ಮಾಡಿಸಿ, ಗಿರಾಕಿ ಸಿಗುವವರೆಗೆ ನಿಲ್ಲಿಸಿಕೊಂಡು, ತನ್ನ ಲಾಭವನ್ನೂ ಇಟ್ಟು ಮಾರಬೇಕಾಗಿರುವುದರಿಂದ ಕಡಿಮೆ ಹೇಳುವುದು ಸಹಜವೇ. ನನಗೆ ಅನುಮಾನವಿರುವುದು ಬೋನಸ್ಸಿನ ಬಗ್ಗೆ. ಎರಡೂ ವ್ಯವಹಾರಗಳನ್ನು ಒಟ್ಟಿಗೆ ಮಾತಾಡಿದಾಗ, ಇಲ್ಲಿ ಕೊಟ್ಟ ಬೋನಸ್ಸನ್ನು ಹೊಸ ಕಾರಿನ ರಿಯಾಯಿತಿಯಲ್ಲಿ ಮುರಿದುಕೊಳ್ಳುವುದು ಅವರಿಗೆ ಸುಲಭ, ನಿಮಗದು ಕಾಣುವುದೂ ಇಲ್ಲ. ಆದ್ದರಿಂದ ಇನ್ನೊಂದು ಶೋರೂಮಿಗೆ ಹೋಗಿ, ಹಳೆಯ ಕಾರಿನ ಪ್ರಸ್ತಾಪವನ್ನೇ ಎತ್ತದೆ, ಹೊಸ ಕಾರಿನ ಅಂತಿಮ ಬೆಲೆಯನ್ನು ಬರಹದಲ್ಲಿ ಪಡೆದುಕೊಳ್ಳಿ. ಎಕ್ಸ್‌ಚೇಂಜಿನಿಂದ ನಿಜವಾಗಿ ಎಷ್ಟು ಸಿಗುತ್ತಿದೆಯೆಂಬುದು ಆಗ ತಿಳಿಯುತ್ತದೆ.

ಉತ್ತರ 2:
ಇದಕ್ಕೆ ತೆರಿಗೆಯ ಲೆಕ್ಕವನ್ನೂ ಸೇರಿಸಬೇಕು. ಕೆಲವು ಕಡೆ ಹಳೆಯ ಕಾರಿನ ಬೆಲೆಯನ್ನು ಕಳೆದು ಉಳಿದ ಮೊತ್ತಕ್ಕೆ ಮಾತ್ರ ತೆರಿಗೆ ಹಾಕುತ್ತಾರೆ. ಅಂಥಲ್ಲಿ ಎಕ್ಸ್‌ಚೇಂಜಿನ ಬೆಲೆ ಸ್ವಲ್ಪ ಕಡಿಮೆಯಿದ್ದರೂ ನಷ್ಟವಾಗದಿರಬಹುದು. ಆ ನಿಯಮವಿಲ್ಲದ ಕಡೆ ಈ ಮಾತು ಅನ್ವಯಿಸದು. ಸಾಲವಿರುವ ಕಾರನ್ನು ಕೊಳ್ಳಲು ಹೊರಗಿನ ಗಿರಾಕಿ ಹಿಂಜರಿಯುತ್ತಾನೆ, ಏಕೆಂದರೆ ಸಾಮಾನ್ಯವಾಗಿ ಸಾಲ ತೀರಿಸಿ ಸಾಲ ಕೊಟ್ಟವರಿಂದ ಪತ್ರ ತರುವವರೆಗೆ ಮಾಲೀಕತ್ವ ಬದಲಾಗುವುದಿಲ್ಲ. ಡೀಲರ್ ಈ ಓಡಾಟವನ್ನು ಬಹುಮಟ್ಟಿಗೆ ತಾನೇ ನೋಡಿಕೊಳ್ಳುತ್ತಾನೆ. ಆದರೆ ಬಾಕಿ ಸಾಲವು ಕಾರಿನ ಬೆಲೆಯನ್ನು ಮೀರಿದ್ದರೆ, ಆ ಹೆಚ್ಚುವರಿಯನ್ನು ಹೊಸ ಸಾಲಕ್ಕೆ ಸೇರಿಸಲು ಒಪ್ಪಬೇಡಿ. ಮನೆಯಲ್ಲಿಲ್ಲದ ಕಾರಿಗೂ ಬಡ್ಡಿ ಕಟ್ಟುತ್ತಿರಬೇಕಾಗುತ್ತದೆ.

ಉತ್ತರ 3:
ಸರ್ವಿಸ್ ದಾಖಲೆಗಳೆಲ್ಲ ಇದ್ದು, ಬೇಡಿಕೆಯಿರುವ ಮಾದರಿಯಾಗಿದ್ದು, ಕಾಯುವ ತಾಳ್ಮೆಯಿದ್ದರೆ ಮೊದಲು ಸಾಲ ತೀರಿಸಿ ನೇರವಾಗಿ ಮಾರುವುದೇ ಮೇಲೆಂದು ನನ್ನ ಅಭಿಪ್ರಾಯ. ಎಂಜಿನ್ ಅಥವಾ ಗೇರ್‌ಬಾಕ್ಸಿನಲ್ಲಿ ದೊಡ್ಡ ದೋಷವಿದ್ದರೆ ಆ ಆಸೆ ಬಿಡಿ. ನೇರವಾಗಿ ಮಾರುವುದಾದರೆ ಹಣ ನಿಮ್ಮ ಖಾತೆಗೆ ಜಮೆಯಾದುದನ್ನು ಬ್ಯಾಂಕಿನಲ್ಲೇ ಖಚಿತಪಡಿಸಿಕೊಳ್ಳದೆ ಕೀಲಿ ಕೊಡಬೇಡಿ, ಮತ್ತು ನೋಂದಣಿಯಲ್ಲಿ ಹೆಸರು ಬದಲಾಗುವವರೆಗೆ ಬೆನ್ನುಬಿಡಬೇಡಿ. ಇಲ್ಲವಾದರೆ ಕಾರು ಕೊಂಡವರು ಮಾಡಿಕೊಂಡ ದಂಡದ ನೋಟಿಸುಗಳು ನಿಮ್ಮ ವಿಳಾಸಕ್ಕೇ ಬರುತ್ತವೆ. ಕಾರಿನ ಪರದೆಯಲ್ಲಿ ಉಳಿದಿರುವ ಫೋನ್ ಸಂಖ್ಯೆಗಳನ್ನೂ ಮನೆಯ ವಿಳಾಸವನ್ನೂ ಅಳಿಸುವುದನ್ನು ಅನೇಕರು ಮರೆಯುತ್ತಾರೆ. ಅಂದ ಹಾಗೆ, ಹಳೆಯ ಕಾರುಗಳನ್ನಷ್ಟೇ ಕೊಳ್ಳುವ ವ್ಯಾಪಾರಿಗಳಿಂದಲೂ ಒಂದೆರಡು ಬೆಲೆ ಕೇಳಿಟ್ಟುಕೊಳ್ಳಿ. ಅದು ಶೋರೂಮಿನ ಬೆಲೆಗಿಂತ ಹೆಚ್ಚಿದ್ದರೆ, ಶೋರೂಮಿನವರೊಂದಿಗೆ ಚೌಕಾಸಿ ಮಾಡಲು ಅಷ್ಟೇ ಸಾಕು.