ಹಲ್ಲಿಗೂ ಮಂಡಿಗೂ ಊರಿಗೇ ಬರುವುದು ಲಾಭವಾ?

ತುಂಗಾತೀರ (ಡಲ್ಲಾಸ್)
ಎಲ್ಲರಿಗೂ ನಮಸ್ಕಾರ. ನನ್ನ ಹೆಂಡತಿಗೆ ಕೆಳದವಡೆಯಲ್ಲಿ ಅಕ್ಕಪಕ್ಕದ ಮೂರು ಹಲ್ಲು ಹೋಗಿವೆ. ಇಲ್ಲಿನ ಡೆಂಟಿಸ್ಟ್ ಮೂರು ಇಂಪ್ಲಾಂಟ್‌ಗೆ (ದವಡೆಯೊಳಗೆ ಸ್ಕ್ರೂ ಕೂರಿಸಿ ಅದರ ಮೇಲೆ ಹಾಕುವ ಕೃತಕ ಹಲ್ಲು), ಕ್ಯಾಪ್ ಎಲ್ಲ ಸೇರಿ, ಹದಿಮೂರು ಸಾವಿರ ಡಾಲರ್ ಹೇಳಿದ್ದಾರೆ. ನಮ್ಮ ಡೆಂಟಲ್ ಇನ್ಶೂರೆನ್ಸ್ ವರ್ಷಕ್ಕೆ 1,500 ಡಾಲರ್ ಕೊಟ್ಟು ಕೈ ತೊಳೆದುಕೊಳ್ಳುತ್ತದೆ. ನನ್ನದು ಬಲಮಂಡಿ. ಪೂರ್ತಿ ಸವೆದಿದೆ, ಬದಲಾಯಿಸಲೇಬೇಕು ಅಂದಿದ್ದಾರೆ. ವಯಸ್ಸು 61. ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಗೆ ಮೇಲ್ ಹಾಕಿದೆ. ಮಂಡಿಗೆ ಮೂರೂವರೆ ಲಕ್ಷದ ಪ್ಯಾಕೇಜ್ ಅಂತ ಅರ್ಧ ದಿನದೊಳಗೆ ಉತ್ತರ ಬಂತು. ಡಿಸೆಂಬರ್‌ನಲ್ಲಿ ಮೂರು ವಾರ ರಜೆ ಇದೆ. ಇಬ್ಬರದೂ ಒಟ್ಟಿಗೆ ಮುಗಿಸಿಕೊಂಡು ಬರುವ ಯೋಚನೆ. ಹೀಗೆ ಮಾಡಿದವರು ಇದ್ದೀರಾ?

ಕುವೈತ್ ಭಟ್ರು
ಇದರಲ್ಲಿ ಕೇಳುವುದು ಎಂತದ್ದು ಮಾರಾಯ್ರೇ? ಟಿಕೆಟ್ ಮಾಡಿ. ನಾವು ಗಲ್ಫಿನವರು ರಜೆಗೆ ಊರಿಗೆ ಹೋದರೆ ಮೊದಲ ವಾರ ಮಂಗಳೂರಿನ ಆಸ್ಪತ್ರೆ, ಆಮೇಲೆ ದೇವಸ್ಥಾನ, ಕೊನೆಗೆ ಯಾರದಾದರೂ ಮದುವೆ. ನನ್ನ ಕಣ್ಣಿನ ಪೊರೆ, ಹೆಂಡತಿಯ ಗರ್ಭಕೋಶ, ಮಗನ ಹಲ್ಲಿನ ಕ್ಲಿಪ್ಪು, ಎಲ್ಲ ಊರಲ್ಲೇ ಆದದ್ದು. ಎಲ್ಲಿ ನೋವು, ಎಂಥ ನೋವು ಅಂತ ನಮ್ಮ ಭಾಷೆಯಲ್ಲೇ ಹೇಳಬಹುದು. ಗಂಜಿ ಮಾಡಿ ಕೊಡಲು ಅಕ್ಕ ಇದ್ದಾಳೆ. ಡಲ್ಲಾಸ್‌ನಲ್ಲಿ ಯಾರಿದ್ದಾರೆ ನಿಮಗೆ?

ಲೆಕ್ಕದ ರಾಯರು (ನ್ಯೂಜೆರ್ಸಿ)
ಭಟ್ರೇ, ಕುವೈತಿನಿಂದ ಮಂಗಳೂರು ನಾಲ್ಕೈದು ಗಂಟೆಯ ದಾರಿ. ಡಲ್ಲಾಸ್‌ನಿಂದ ಬೆಂಗಳೂರಿಗೆ ಇಡೀ ಒಂದು ದಿನ ಬೇಕು.

ತುಂಗಾತೀರ ಅವರೇ, ಎರಡನ್ನೂ ಒಂದೇ ಗಂಟಿಗೆ ಕಟ್ಟಬೇಡಿ. ನಿಮ್ಮದು ಕಂಪನಿ ಕೊಟ್ಟ ಹೆಲ್ತ್ ಇನ್ಶೂರೆನ್ಸ್ ತಾನೇ? ಅದರ ಕಾಗದ ತೆಗೆದು ಔಟ್ ಆಫ್ ಪಾಕೆಟ್ ಮ್ಯಾಕ್ಸಿಮಮ್ ಅನ್ನುವ ಸಾಲು ಹುಡುಕಿ. ನೆಟ್‌ವರ್ಕ್ ಒಳಗಿನ, ಅಂದರೆ ಇನ್ಶೂರೆನ್ಸ್‌ನವರ ಪಟ್ಟಿಯಲ್ಲಿರುವ ಆಸ್ಪತ್ರೆಯಾದರೆ ಒಂದು ವರ್ಷಕ್ಕೆ ನಿಮ್ಮ ಜೇಬಿನಿಂದ ಅದಕ್ಕಿಂತ ಜಾಸ್ತಿ ಹೋಗುವಂತಿಲ್ಲ. 2025ಕ್ಕೆ ಕಾನೂನು ಇಟ್ಟಿದ್ದ ಗರಿಷ್ಠ ಮಿತಿ ಒಬ್ಬರಿಗೆ 9,200 ಡಾಲರ್. ಎಷ್ಟೋ ಕಂಪನಿಗಳ ಪ್ಲಾನ್‌ನಲ್ಲಿ ಅದಕ್ಕಿಂತ ಕಡಿಮೆ ಇರುತ್ತದೆ. ಬಿಲ್ ಎಷ್ಟಾದರೂ ಬರಲಿ, ನೀವು ಕೊಡುವುದು ಅಷ್ಟೇ.

ಈಗ ಆ ಕಡೆ ನೋಡಿ. ಮೂರೂವರೆ ಲಕ್ಷ ಅಂದರೆ ಹತ್ತಿರ ಹತ್ತಿರ ನಾಲ್ಕು ಸಾವಿರ ಡಾಲರ್. ಡಿಸೆಂಬರ್ ರೇಟಿನಲ್ಲಿ ಇಬ್ಬರ ಟಿಕೆಟ್ ಇನ್ನೊಂದು ನಾಲ್ಕು ಸಾವಿರ ಇಟ್ಟುಕೊಳ್ಳಿ. ಮೂರು ವಾರ ಸಾಲದೆ ಸಂಬಳವಿಲ್ಲದ ರಜೆ ಹಾಕಿದರೆ ಅದೂ ಸೇರಿತು. ಉಳಿದದ್ದೇನು?

ಹಲ್ಲು ಇದಕ್ಕೆ ಪೂರ್ತಿ ಉಲ್ಟಾ. ಡೆಂಟಲ್ ಪ್ಲಾನ್‌ನಲ್ಲಿ ಮಿತಿ ಇರುವುದು ಅವರು ಕೊಡುವುದಕ್ಕೆ, ನೀವು ಕೊಡುವುದಕ್ಕಲ್ಲ. ಹಾಗಾಗಿ ಹಲ್ಲಿಗೆ ಊರಿಗೆ ಹೋಗುವುದರಲ್ಲಿ ಅರ್ಥವಿದೆ. ಮಂಡಿಗೆ ಹೋಗುವುದು, ಕ್ಷಮಿಸಿ, ಬರೀ ಹುಮ್ಮಸ್ಸು.

ಕುವೈತ್ ಭಟ್ರು
ಇನ್ಶೂರೆನ್ಸ್ ಇಲ್ಲದವರು ಎಂತ ಮಾಡಬೇಕು ರಾಯರೇ? ಮಕ್ಕಳನ್ನು ನೋಡಲು ಅಮೆರಿಕಕ್ಕೆ ಬಂದ ಅಪ್ಪ ಅಮ್ಮ?

ಲೆಕ್ಕದ ರಾಯರು (ನ್ಯೂಜೆರ್ಸಿ)
ಅವರು ಖಂಡಿತ ಊರಿಗೇ ಹೋಗಬೇಕು. ವಿಸಿಟರ್ ಪಾಲಿಸಿಗಳು ಮೊದಲೇ ಇದ್ದ ಕಾಯಿಲೆಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಆದರೆ ಇಲ್ಲಿ ಪ್ರಶ್ನೆ ಕೇಳಿದವರು ಕೆಲಸದಲ್ಲಿ ಇರುವವರು. ಅವರಿಗೆ ಹೇಳುವುದು ಅವರ ಲೆಕ್ಕ.

ಟೊರಾಂಟೊ ತಂಗಿ
ನಮ್ಮ ಕಡೆ ದುಡ್ಡಿನ ಪ್ರಶ್ನೆಯೇ ಅಲ್ಲ. ಆಪರೇಷನ್ ಪುಕ್ಕಟೆ, ಆದರೆ ಸರದಿ ಬರಬೇಕಲ್ವಾ. ಕೆನಡಾದಲ್ಲಿ ಮಂಡಿ ಬದಲಾಯಿಸಲು 26 ವಾರದೊಳಗೆ ಆಗಬೇಕು ಅಂತ ಗುರಿ ಇಟ್ಟಿದ್ದಾರೆ. ಎಷ್ಟೋ ಜನರಿಗೆ ಅಷ್ಟರಲ್ಲಿ ಆಗುವುದಿಲ್ಲ. ಅದಕ್ಕೂ ಮೊದಲು ಸ್ಪೆಷಲಿಸ್ಟ್ ಮುಖ ನೋಡಲು ಕಾಯುವುದೇ ಬೇರೆ. ನಮ್ಮ ಮಾವನವರು ಕಾದು ಕಾದು ಮೈಸೂರಿಗೆ ಹೋಗಿ ಮಾಡಿಸಿಕೊಂಡರು. ಈಗ ಸಲೀಸಾಗಿ ವಾಕಿಂಗ್ ಹೋಗುತ್ತಾರೆ. ರಾಯರ ಲೆಕ್ಕದಲ್ಲಿ ನೋವು ತಿಂದುಕೊಂಡು ಕೂತ ತಿಂಗಳುಗಳಿಗೆ ಕಾಲಂ ಇಲ್ಲ.

ಬಿಲ್ಲಿಂಗ್ ಕೌಂಟರ್ (ಬೆಂಗಳೂರು)
ನಾನು ಇಂಥದ್ದೇ ಒಂದು ಆಸ್ಪತ್ರೆಯಲ್ಲಿ ವಿದೇಶಿ ರೋಗಿಗಳ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಹೆಸರು ಕೇಳಬೇಡಿ. ನಮ್ಮಲ್ಲಿಗೆ ಇರಾಕ್, ಒಮಾನ್, ಕೆನ್ಯಾ, ತಾಂಜಾನಿಯಾದವರು ಬರುತ್ತಾರೆ. ಅರಬ್ಬಿ ಮಾತಾಡುವ ದುಭಾಷಿಗಳು ನಮ್ಮ ಪಕ್ಕದ ಟೇಬಲ್‌ನಲ್ಲೇ ಕೂರುತ್ತಾರೆ. ಬಾಂಗ್ಲಾದೇಶದವರು ಮೊದಲು ತುಂಬ ಬರುತ್ತಿದ್ದರು. 2024ರ ಆಗಸ್ಟ್‌ನಲ್ಲಿ ಅಲ್ಲಿ ಸರ್ಕಾರ ಬದಲಾದ ಮೇಲೆ ಭಾರತದ ವೀಸಾ ಸಿಗುವುದು ಕಡಿಮೆಯಾಯಿತು. ಆಮೇಲೆ ಬ್ಯಾಂಕಾಕ್‌ಗೆ, ಚೀನಾದ ಕುನ್‌ಮಿಂಗ್‌ಗೆ ಹೋಗತೊಡಗಿದರು.

ತುಂಗಾತೀರ ಸರ್, ಪ್ಯಾಕೇಜ್ ಅಂದರೆ ಏನೇನು ಅಂತ ಕೇಳಿ. ಏನೇನು ಸೇರಿಲ್ಲ ಅಂತ ಅದಕ್ಕಿಂತ ಮೊದಲು ಕೇಳಿ. ಹೇಳಿದ್ದಕ್ಕಿಂತ ಎರಡು ದಿನ ಜಾಸ್ತಿ ಉಳಿದರೆ, ಐಸಿಯುಗೆ ಹಾಕಿದರೆ, ಶುಗರ್ ಡಾಕ್ಟರು ಬಂದು ನೋಡಿ ಹೋದರೆ, ಮನೆಗೆ ಹೋದ ಮೇಲೆ ಫಿಸಿಯೋಥೆರಪಿ ಬೇಕಾದರೆ, ಇದೆಲ್ಲ ಸಾಮಾನ್ಯವಾಗಿ ಹೊರಗೆ. ಮಂಡಿಯೊಳಗೆ ಹಾಕುವ ಕೀಲಿಗೆ 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಬೆಲೆ ಮಿತಿ ತಂದಿತು. ಜಾಸ್ತಿ ಬಳಸುವ ಕೋಬಾಲ್ಟ್ ಕ್ರೋಮಿಯಂ ಕೀಲಿಗೆ ಆಗ ಇಟ್ಟದ್ದು 54,720 ರೂಪಾಯಿ. ಅದಕ್ಕೂ ಮೊದಲು ಒಂದು ಲಕ್ಷ ದಾಟಿಸಿಯೇ ಮಾರುತ್ತಿದ್ದರು. ಆದರೆ ರೂಮಿಗೆ, ಆಪರೇಷನ್ ಥಿಯೇಟರಿಗೆ, ಸರ್ಜನ್ ಫೀಸಿಗೆ ಅಂಥ ಮಿತಿ ಇಲ್ಲ. ವಿದೇಶಿ ಪಾಸ್‌ಪೋರ್ಟ್‌ನವರಿಗೆ ರೇಟು ಬೇರೆ ಇರುವ ಆಸ್ಪತ್ರೆಗಳೂ ಇವೆ. ಓಸಿಐ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡು) ಇದ್ದರೆ ಯಾವ ರೇಟು ಅಂತ ಬರಹದಲ್ಲಿ ಕೇಳಿ. ಇನ್ನೊಂದು, ಏಜೆಂಟ್ ಮೂಲಕ ಬರಬೇಡಿ. ಅವನ ಪಾಲು ಕೊನೆಗೆ ಬರುವುದು ನಿಮ್ಮ ಬಿಲ್ಲಿನಿಂದಲೇ.

ಹುಬ್ಬಳ್ಳಿ ಡೆಂಟಿಸ್ಟ್
ಹಲ್ಲಿನ ವಿಷಯ ನನಗೆ ಬಿಡಿ. ಮೂರು ವಾರದಲ್ಲಿ ಇಂಪ್ಲಾಂಟ್ ಮುಗಿಯುತ್ತೆ ಅಂತ ಯಾರು ಹೇಳಿದರು ನಿಮಗೆ? ದವಡೆ ಎಲುಬಿನೊಳಗೆ ಸ್ಕ್ರೂ ಕೂರಿಸುವುದು ಅರ್ಧ ಕೆಲಸ. ಎಲುಬು ಅದನ್ನು ಹಿಡಿದುಕೊಳ್ಳಬೇಕು. ಕೆಳದವಡೆಗೆ ಸಾಮಾನ್ಯವಾಗಿ ಮೂರು ತಿಂಗಳು, ಮೇಲ್ದವಡೆಗೆ ಇನ್ನೂ ಜಾಸ್ತಿ. ಆಮೇಲೆ ಕ್ಯಾಪ್. ಅಂದರೆ ಎರಡು ಸಲ ಬರಬೇಕು. ಎಲುಬು ಸವೆದಿದ್ದು ಗ್ರಾಫ್ಟ್ (ಎಲುಬಿನ ಕಸಿ) ಹಾಕಬೇಕಾದರೆ ಮತ್ತಷ್ಟು ತಿಂಗಳು. ಕೂಡಲೇ ಹಲ್ಲು ಕೂರಿಸುವ ಪದ್ಧತಿಯೂ ಇದೆ. ಅದು ಎಲ್ಲರ ಎಲುಬಿಗೂ ಹೊಂದುವುದಿಲ್ಲ. ಜಾಹೀರಾತಿನಲ್ಲಿ ಮಾತ್ರ ಎಲ್ಲರಿಗೂ ಹೊಂದುತ್ತದೆ.

ಒಂದು ಸಂಗತಿ ನಿಮ್ಮ ಡೆಂಟಿಸ್ಟ್ ಹೇಳಿದಂತಿಲ್ಲ. ಅಕ್ಕಪಕ್ಕದ ಮೂರು ಹಲ್ಲು ಹೋಗಿದ್ದರೆ ಎಷ್ಟೋ ಸಲ ಎರಡೇ ಇಂಪ್ಲಾಂಟ್ ಸಾಕು. ಅವುಗಳ ಮೇಲೆ ಮೂರು ಹಲ್ಲಿನ ಸೇತುವೆ ಕೂರಿಸಬಹುದು. ಅಲ್ಲೇ ಎರಡನೇ ಅಭಿಪ್ರಾಯ ಕೇಳಿ. ಅಲ್ಲೇ ಖರ್ಚು ಒಂದಷ್ಟು ಇಳಿಯಬಹುದು, ವಿಮಾನ ಹತ್ತುವ ಮೊದಲೇ.

ಮರುಭೂಮಿ ಗೌಡ (ಫೀನಿಕ್ಸ್)
ಅರಿಜೋನಾದವರು ನಾವು ಮೆಕ್ಸಿಕೊಗೆ ಹೋಗುತ್ತೇವೆ. ಯೂಮಾ ಊರಿನ ಪಕ್ಕದಲ್ಲಿ ಲಾಸ್ ಅಲ್ಗೊಡೊನೆಸ್ ಅಂತ ಗಡಿ ಊರಿದೆ. ಕಾರನ್ನು ಅಮೆರಿಕದ ಬದಿಯಲ್ಲೇ ನಿಲ್ಲಿಸಿ ನಡೆದುಕೊಂಡು ದಾಟುವುದು. ಬೀದಿ ತುಂಬ ಬರೀ ಹಲ್ಲಿನ ಡಾಕ್ಟರು, ಕನ್ನಡಕದಂಗಡಿ, ಔಷಧದಂಗಡಿ. ಊರಿಗೇ ದವಡೆ ಹಲ್ಲಿನ ಊರು ಅಂತ ಅಡ್ಡಹೆಸರು. ಬಾಗಿಲಲ್ಲಿ ನಿಂತು ಕೈ ಹಿಡಿದು ಎಳೆಯುವವರ ಹತ್ತಿರ ಹೋಗಬಾರದು, ಅಷ್ಟೆ. ನನ್ನ ಕ್ಯಾಪ್ ಅಲ್ಲಿಯದೇ, ಚೆನ್ನಾಗಿದೆ. ಎರಡು ಸಲ ಅಲ್ಲ, ಐದು ಸಲ ಹೋಗಬೇಕಾದರೂ ಬೆಂಗಳೂರಿನ ಒಂದು ಟಿಕೆಟ್ಟಿನಷ್ಟು ಆಗುವುದಿಲ್ಲ.

ಹುಬ್ಬಳ್ಳಿ ಡೆಂಟಿಸ್ಟ್
ಗೌಡ್ರೇ, ಮಾಡಿಸಿದ್ದು ಎಲ್ಲಾದರೂ ಇರಲಿ, ಇಂಪ್ಲಾಂಟ್ ಡಬ್ಬಿಯ ಮೇಲಿನ ಸ್ಟಿಕರ್ ಕೇಳಿ ಇಟ್ಟುಕೊಳ್ಳಬೇಕು. ಕಂಪನಿ, ಅಳತೆ, ಲಾಟ್ ನಂಬರ್ ಅದರಲ್ಲಿರುತ್ತದೆ. ಸ್ಟ್ರಾಮನ್, ನೊಬೆಲ್ ಬಯೋಕೇರ್ ತರಹದವು ಆದರೆ ಮುಂದೆ ಸ್ಕ್ರೂ ಸಡಿಲವಾದಾಗ ಯಾವ ದೇಶದಲ್ಲೂ ಭಾಗ ಸಿಗುತ್ತದೆ. ಹೆಸರೇ ಕೇಳದ ಕಂಪನಿಯದಾದರೆ ಸಣ್ಣ ಸ್ಕ್ರೂಗಾಗಿ ಇಡೀ ಇಂಪ್ಲಾಂಟ್ ಕೀಳಬೇಕಾಗಬಹುದು.

ಉಡುಪಿ ನರ್ಸ್ (ಲೆಸ್ಟರ್)
ಯಾರೂ ವಿಮಾನದ ಮಾತೇ ಎತ್ತಲಿಲ್ಲವಲ್ಲ! ಮಂಡಿ ಬದಲಾಯಿಸಿದ ಮೇಲೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇರುತ್ತದೆ. ಆ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಕುತ್ತು. ಗಂಟೆಗಟ್ಟಲೆ ಕಾಲು ಮಡಚಿ ಕೂತರೆ ಅಪಾಯ ಇನ್ನೂ ಹೆಚ್ಚು. ಉದ್ದದ ಪ್ರಯಾಣಕ್ಕೆ ಸಾಮಾನ್ಯವಾಗಿ ಆರು ವಾರವಾದರೂ ತಡೆಯಿರಿ ಅಂತಾರೆ. ಮೂರು ವಾರದ ರಜೆಯಲ್ಲಿ ಆಪರೇಷನ್ ಮುಗಿಸಿ ಡಲ್ಲಾಸ್‌ಗೆ ಹಾರುವುದು ನನಗೆ ಸರಿ ಕಾಣುವುದಿಲ್ಲ. ಮೊದಲ ವಾರಗಳಲ್ಲೇ ಮಂಡಿ ಮಡಚುವ ವ್ಯಾಯಾಮ ಬಿಗಿಯಾಗಿ ಮಾಡಿಸಬೇಕು. ಇಲ್ಲದಿದ್ದರೆ ಕೀಲು ಎಷ್ಟು ಒಳ್ಳೆಯದಿದ್ದರೂ ಕಾಲು ಮಡಚಲು ಬರುವುದಿಲ್ಲ.

ಇನ್ನೊಂದು ಮಾತಿಗೆ ಕೆಲವರಿಗೆ ಸಿಟ್ಟು ಬರಬಹುದು. ಕಳೆದ ಒಂದು ವರ್ಷದಲ್ಲಿ ಬೇರೆ ದೇಶದ ಆಸ್ಪತ್ರೆಯಲ್ಲಿ ಮಲಗಿದ್ದವರು ನಮ್ಮ ವಾರ್ಡಿಗೆ ಬಂದರೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಇದೆಯಾ ಅಂತ ಪರೀಕ್ಷೆ ಮಾಡುತ್ತೇವೆ. ಔಷಧವನ್ನು ಸೋಲಿಸಲು ಅಂಥ ಬ್ಯಾಕ್ಟೀರಿಯಾ ತಯಾರಿಸುವ ಒಂದು ಕಿಣ್ವಕ್ಕೆ ನವದೆಹಲಿ ಹೆಸರಿಟ್ಟು ಎನ್‌ಡಿಎಂ-1 ಅಂದದ್ದಕ್ಕೆ 2010ರಲ್ಲಿ ನಮ್ಮಲ್ಲಿ ದೊಡ್ಡ ಗಲಾಟೆಯಾಯಿತು. ಹೆಸರಿಟ್ಟದ್ದು ತಪ್ಪು ಅಂತ ನಾನೂ ಹೇಳುತ್ತೇನೆ. ಆದರೆ ಬ್ಯಾಕ್ಟೀರಿಯಾ ಇರುವುದು ಸುಳ್ಳಲ್ಲ. ಕೀಲಿಗೆ ಸೋಂಕು ತಗುಲಿದರೆ ಗೊತ್ತಾಗುವುದು ಕೆಲವೊಮ್ಮೆ ವಾರಗಳ ಮೇಲೆ, ನೀವು ವಾಪಸು ಹೋದ ಮೇಲೆ. ಆಗ ಯಾರು ಕೈ ಹಾಕುತ್ತಾರೆ ಅಂತ ಈಗಲೇ ಕೇಳಿಟ್ಟುಕೊಳ್ಳಿ.

ಸೇಂಟ್ ಲೂಯಿ ಸುಬ್ಬು
ನರ್ಸಮ್ಮ ಹೇಳಿದ್ದು ನಮ್ಮ ಮನೆಯಲ್ಲೇ ಆಗಿದೆ. ನಮ್ಮಣ್ಣ ಊರಲ್ಲಿ ಸೊಂಟದ ಕೀಲು ಬದಲಾಯಿಸಿಕೊಂಡು ಬಂದ. ಇಲ್ಲಿಗೆ ಬಂದ ಮೇಲೆ ಗಾಯ ಒಸರಲು ಶುರುವಾಯಿತು. ಎರಡು ಕಡೆ ಸರ್ಜನ್‌ಗಳು, ನಾವು ಮಾಡಿದ ಆಪರೇಷನ್ ಅಲ್ಲ, ಮಾಡಿದವರ ಹತ್ತಿರವೇ ಹೋಗಿ ಅಂದರು. ಕೊನೆಗೆ ಎಮರ್ಜೆನ್ಸಿ ಬಾಗಿಲಿನಿಂದ ಒಳಗೆ ಹೋಗಬೇಕಾಯಿತು. ಅವನ ಕೈಯಲ್ಲಿದ್ದ ಡಿಸ್ಚಾರ್ಜ್ ಕಾಗದದಲ್ಲಿ ಯಾವ ಕೀಲು ಹಾಕಿದ್ದಾರೆ ಅನ್ನುವುದೇ ಇರಲಿಲ್ಲ.

ಕುವೈತ್ ಭಟ್ರು
ಸೋಂಕು ಅಮೆರಿಕದಲ್ಲಿ ಆಗುವುದೇ ಇಲ್ಲವೋ ಹಾಗಾದರೆ? ಸುಮ್ನೆ ಹೆದರಿಸುವುದು ಯಾಕೆ? ಒಳ್ಳೆಯ ಡಾಕ್ಟರನ್ನು ನೋಡಿ ಮಾಡಿಸಿದರೆ ಆಯಿತಪ್ಪ.

ಉಡುಪಿ ನರ್ಸ್ (ಲೆಸ್ಟರ್)
ಎಲ್ಲ ಕಡೆ ಆಗುತ್ತದೆ ಭಟ್ರೇ. ಆದರೆ ಅಲ್ಲಿ ಆದರೆ ಆಪರೇಷನ್ ಮಾಡಿದವರು ಕಾರಿನ ದೂರದಲ್ಲಿ ಇರುತ್ತಾರೆ.

ಕೋರ್ಟು ಕಚೇರಿ (ದಾವಣಗೆರೆ)
ಏನಾದರೂ ತಪ್ಪಾದರೆ ಕೇಸು ಹಾಕಬಹುದು ಅಂತ ಧೈರ್ಯ ಇಟ್ಟುಕೊಂಡವರಿಗೆ ಒಂದು ಮಾತು. ಅಮೆರಿಕದಲ್ಲಿದ್ದ ವೈದ್ಯರೊಬ್ಬರು 1998ರಲ್ಲಿ ಪತ್ನಿಯ ಜೊತೆ ಕೋಲ್ಕತ್ತಕ್ಕೆ ಬಂದಿದ್ದರು. ಚಿಕಿತ್ಸೆಯಲ್ಲಿ ಎಡವಟ್ಟಾಗಿ ಆಕೆ ತೀರಿಕೊಂಡರು. ಸುಪ್ರೀಂ ಕೋರ್ಟ್ ಸುಮಾರು ಆರು ಕೋಟಿ ರೂಪಾಯಿ ಪರಿಹಾರ ಕೊಡಿಸಿತು. ಯಾವಾಗ? 2013ರಲ್ಲಿ. ಗ್ರಾಹಕರ ಕೋರ್ಟಿಗೆ ಹೋಗಲು ಎರಡು ವರ್ಷದ ಗಡುವೂ ಇದೆ. ನ್ಯೂಜೆರ್ಸಿಯಲ್ಲಿ ಕೂತು ದಾವಣಗೆರೆಯ ತಾರೀಖಿಗೆ ಬರುವುದು ಎಷ್ಟು ಸಲ ಆದೀತು?

ಬನಶಂಕರಿ ಸೆಕೆಂಡ್ ಸ್ಟೇಜ್
ಇಷ್ಟು ಹೊತ್ತು ಎಲ್ಲರೂ ಡಾಲರ್ ಲೆಕ್ಕ ಮಾಡಿದಿರಿ. ರೂಪಾಯಿಯಲ್ಲಿ ಸಂಬಳ ತಗೊಳ್ಳುವ ನಮ್ಮ ಲೆಕ್ಕ ಯಾರು ಮಾಡುತ್ತಾರೆ? ನಿಮಗೆ ಮೂರೂವರೆ ಲಕ್ಷ ಅಗ್ಗ. ನಮ್ಮ ತಾಯಿಗೆ ಅದೇ ಆಪರೇಷನ್ ಮಾಡಿಸಲು ನಾನು ಚೀಟಿ ಎತ್ತಬೇಕಾಯಿತು. ಪೂರ್ತಿ ದುಡ್ಡು ಕೊಡುವ ಗಿರಾಕಿ ವಿಮಾನದಿಂದ ಇಳಿಯುವಾಗ ಆಸ್ಪತ್ರೆಯವರು ನಮಗೆ ಯಾಕೆ ರೇಟು ಇಳಿಸುತ್ತಾರೆ?

ಬಿಲ್ಲಿಂಗ್ ಕೌಂಟರ್ (ಬೆಂಗಳೂರು)
ಅಕ್ಕ, ಕೋಪ ಸರಿ. ಆದರೆ ನಮ್ಮ ಬೆಡ್‌ಗಳಲ್ಲಿ ಬಹುಪಾಲು ಇಲ್ಲಿಯವರೇ. ವಿದೇಶದವರು ಬಂದರೆ ಆ ಡಾಕ್ಟರು ಇಲ್ಲೇ ಉಳಿಯುತ್ತಾರೆ, ಹೊಸ ಯಂತ್ರ ಬರುತ್ತದೆ. ಅಂಗಾಂಗ ಕಸಿಯಲ್ಲಂತೂ ಕಾನೂನೇ ಅಡ್ಡ ಇದೆ. ಹತ್ತಿರದ ಸಂಬಂಧ ಇಲ್ಲದ ಭಾರತೀಯರು ಬದುಕಿರುವಾಗ ವಿದೇಶಿಯರಿಗೆ ಕಿಡ್ನಿ ಕೊಡುವಂತಿಲ್ಲ. 2003ರಲ್ಲಿ ಲಾಹೋರಿನ ಪುಟ್ಟ ಹುಡುಗಿ ದೆಹಲಿ ಬಸ್ಸು ಹತ್ತಿ ಹೃದಯದ ಆಪರೇಷನ್‌ಗೆ ನಮ್ಮ ಬೊಮ್ಮಸಂದ್ರದ ನಾರಾಯಣ ಹೃದಯಾಲಯಕ್ಕೆ ಬಂದಾಗ ಊರೇ ಸಂತೋಷಪಟ್ಟಿತ್ತು. ಮರೆತಿರಾ?

ಬನಶಂಕರಿ ಸೆಕೆಂಡ್ ಸ್ಟೇಜ್
ಮರೆತಿಲ್ಲ. ಆ ಮಗುವಿನ ಕಥೆಯನ್ನು ಮಂಡಿ ಪ್ಯಾಕೇಜಿಗೆ ತಂದು ಅಂಟಿಸಬೇಡಿ. ಅದು ಉಪಕಾರ, ಇದು ವ್ಯಾಪಾರ. ವ್ಯಾಪಾರ ಮಾಡಿ, ಬೇಡ ಅನ್ನಲ್ಲ. ಅದೇ ಬೊಮ್ಮಸಂದ್ರದ ಸಂಸ್ಥೆ 2014ರಲ್ಲಿ ಕೇಮನ್ ದ್ವೀಪದಲ್ಲೇ ಆಸ್ಪತ್ರೆ ತೆರೆದಿದೆ, ಅಮೆರಿಕದವರಿಗೆ ಹತ್ತಿರ. ಡಲ್ಲಾಸ್‌ನವರು ಅಲ್ಲಿಗೇ ಹೋಗಬಹುದಲ್ಲ? ಹೊಸ ಯಂತ್ರ ಬಂತು ಅಂದಿರಿ. ಅದರ ಸ್ಕ್ಯಾನಿಂಗ್ ರೇಟು ನಮಗೆ ಇಳಿಯಿತಾ, ಅದು ಹೇಳಿ.

ಬಿಲ್ಲಿಂಗ್ ಕೌಂಟರ್ (ಬೆಂಗಳೂರು)
ಇಳಿದಿಲ್ಲ.

ತುಂಗಾತೀರ (ಡಲ್ಲಾಸ್)
ಕಾಗದ ತೆಗೆದು ನೋಡಿದೆ. ನನ್ನ ಪ್ಲಾನ್‌ನಲ್ಲಿ ಆ ಮಿತಿ 6,000 ಡಾಲರ್. ಹಾಗಾದರೆ ಮಂಡಿ ಇಲ್ಲೇ. ಹಲ್ಲಿಗೆ ಮಾತ್ರ ಹೆಂಡತಿ ಊರಿಗೆ ಬರುತ್ತಾಳೆ. ಹೇಗೂ ತಂಗಿ ಮನೆ ಶಿವಮೊಗ್ಗದಲ್ಲಿದೆ. ಡಿಸೆಂಬರ್‌ನಲ್ಲಿ ಸ್ಕ್ರೂ, ಏಪ್ರಿಲ್‌ನಲ್ಲಿ ಕ್ಯಾಪ್, ಆಗುತ್ತಾ ಡೆಂಟಿಸ್ಟ್ ಮೇಡಂ?

ಲೆಕ್ಕದ ರಾಯರು (ನ್ಯೂಜೆರ್ಸಿ)
ಮಂಡಿಯನ್ನು ಡಿಸೆಂಬರ್‌ನಲ್ಲಿ ಮಾಡಿಸಬೇಡಿ, ಜನವರಿಗೆ ಹಾಕಿಸಿ. ನಿಮ್ಮ ಪ್ಲಾನ್ ಜನವರಿಯಿಂದ ಶುರುವಾಗುವುದಾದರೆ ಆ ಮಿತಿಯೂ ಆಗ ಹೊಸದಾಗಿ ಶುರು. ಆಪರೇಷನ್, ಫಿಸಿಯೋ ಎಲ್ಲ ಒಂದೇ ವರ್ಷದ ಲೆಕ್ಕಕ್ಕೆ ಬರಲಿ. ಡಿಸೆಂಬರ್‌ನಲ್ಲಿ ಕತ್ತರಿಸಿ ಜನವರಿಯಲ್ಲಿ ವ್ಯಾಯಾಮ ಅಂದರೆ ಎರಡು ವರ್ಷದ ಲೆಕ್ಕಕ್ಕೂ ಜೇಬು ಬಿಚ್ಚಬೇಕು.

ಹುಬ್ಬಳ್ಳಿ ಡೆಂಟಿಸ್ಟ್
ಆಗುತ್ತೆ ಸರ್. ಆದರೆ ಕ್ರಿಸ್‌ಮಸ್ ವಾರ ಬೇಡ. ಅಮೆರಿಕದಿಂದ ಬಂದವರೆಲ್ಲ ಆಗಲೇ ಕ್ಲಿನಿಕ್ ಬಾಗಿಲಲ್ಲಿ ಇರುತ್ತಾರೆ. ತಿಂಗಳ ಮೊದಲ ವಾರವೇ ಬರಲಿ. ಹೊಲಿಗೆ ಬಿಚ್ಚಲು ಹತ್ತು ದಿನವಾದರೂ ಇರಬೇಕು. ಟಿಕೆಟ್ ಮಾಡುವ ಮೊದಲು ಅಲ್ಲೇ ಸಿಬಿಸಿಟಿ ಸ್ಕ್ಯಾನ್ (ದವಡೆಯ ತ್ರೀಡಿ ಎಕ್ಸ್‌ರೇ) ಮಾಡಿಸಿ, ಮೂರು ತಿಂಗಳ ಸರಾಸರಿ ಶುಗರ್ ರಿಪೋರ್ಟೂ ಇರಲಿ. ನೀವು ಆರಿಸಿದ ಡಾಕ್ಟರಿಗೆ ಸ್ಕ್ಯಾನ್‌ನ ಮೂಲ ಫೈಲನ್ನೇ ಕಳಿಸಿ. ಮೊಬೈಲ್‌ನಲ್ಲಿ ತೆಗೆದ ಫೋಟೋ ನೋಡಿ ಎಲುಬಿನ ಅಗಲ ಹೇಳಲು ಆಗುವುದಿಲ್ಲ. ಫೋಟೋ ನೋಡಿಯೇ ರೇಟು ಹೇಳುವವರ ಹತ್ತಿರ ಹೋಗಬೇಡಿ.