ಪದ ಬೇಕು: ‘ಆಕ್ಸೆಸಿಬಿಲಿಟಿ’ (ಸಂಜೆಯೊಳಗೆ, ಬಟನ್ನಿನಲ್ಲಿ ಹಿಡಿಸುವಂತೆ)

ಅನುವಾದಕಿ, ಧಾರವಾಡ

ಮಾನ್ಯರೇ, ಸಹಕಾರ ಸಂಘವೊಂದರ ಜಾಲತಾಣವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಪುಟದ ಮೇಲ್ತುದಿಯಲ್ಲಿ, ಕಣ್ಣು ಮಂದವಾದವರೂ ಸುಲಭವಾಗಿ ಓದಲೆಂದು, ‘ಆಕ್ಸೆಸಿಬಿಲಿಟಿ’ ಎಂಬ ಬಟನ್ ಇದೆ. ಒತ್ತಿದರೆ ಅಕ್ಷರ ದೊಡ್ಡದಾಗುತ್ತದೆ, ಇನ್ನೊಮ್ಮೆ ಒತ್ತಿದರೆ ಹಿನ್ನೆಲೆ ಕಪ್ಪಾಗುತ್ತದೆ. ‘ಪ್ರವೇಶಸಾಧ್ಯತೆ’ ಎಂದು ಬರೆದು ಕಳಿಸಿದೆ. ವಿನ್ಯಾಸಕಾರರು ಬಟನ್ನಿನ ಅಗಲ, ಎತ್ತರ ಎರಡನ್ನೂ ಪಿಕ್ಸೆಲ್ ಲೆಕ್ಕದಲ್ಲಿ ಬಿಗಿದಿದ್ದಾರೆ. ಕೊನೆಯ ‘ತೆ’ಗೆ ಜಾಗವಿಲ್ಲ, ಒತ್ತಕ್ಷರಗಳು ಕೆಳಗಡೆ ಕತ್ತರಿಸಿಹೋಗಿವೆ, ಈಗ ಅದು ‘ಪವೇಶಸಾಧ’. ‘ಇಂಗ್ಲಿಷ್ ಸರಿಯಾಗಿ ಕೂತಿದೆಯಲ್ಲ, ಚಿಕ್ಕ ಪದ ಕೊಡಿ’ ಎನ್ನುತ್ತಾರೆ. ಜೊತೆಗೆ ಕೈಪಿಡಿಯಲ್ಲಿ ಒಂದು ವಾಕ್ಯವಿದೆ: ವಿನ್ಯಾಸಕಾರ ಗೊತ್ತುಮಾಡಿದ್ದನ್ನು ಬಳಕೆದಾರ ‘ಓವರ್‌ರೈಡ್’ ಮಾಡಬಲ್ಲ. ಅಂದರೆ ಅದನ್ನು ಬದಿಗಿಟ್ಟು ತನಗೆ ಬೇಕಾದಂತೆ ಮಾಡಿಕೊಳ್ಳಬಲ್ಲ ಎಂದು. ಇದಕ್ಕೊಂದು ಕ್ರಿಯಾಪದ ಬೇಕು. ಸಂಜೆ ಆರಕ್ಕೆ ತಾಣ ತೆರೆಯುತ್ತದೆ. ದಯವಿಟ್ಟು.

ನಿವೃತ್ತ ಮೇಷ್ಟರು, ಮೈಸೂರು

‘ನಿಲುಕು’. ಒಂದೂ ಒತ್ತಕ್ಷರವಿಲ್ಲ, ಮೂರೇ ಅಕ್ಷರ, ಅಚ್ಚಗನ್ನಡ. ಹಳಗನ್ನಡದಲ್ಲಿ ‘ನಿಲ್ಕು’, ಧಾತು ‘ನಿಲ್’. ಕ್ರಿಯಾರ್ಥದ ಹೆಸರು ಬೇಕೇ ಬೇಕೆಂದರೆ ‘ನಿಲುಕುವಿಕೆ’. ‘ಪ್ರವೇಶ’ ಎಂಬುದು ಕಾವಲುಗಾರನ ಮಾತು, ‘ಅನ್ಯರಿಗೆ ಪ್ರವೇಶವಿಲ್ಲ’ ಎಂಬ ಬೋರ್ಡಿನದು. ‘ಓವರ್‌ರೈಡ್’ಗೆ ‘ಮೀರು’ ಸಾಕು. ಇನ್ನು ‘ಬಳಕೆದಾರ’ ಎಂಬ ಅರ್ಧ ಹೋರಿ, ಅರ್ಧ ಕುದುರೆಯನ್ನು ದಯವಿಟ್ಟು ಕೈಬಿಡಿ. ‘ಬಳಸುಗ’ ಎನ್ನಿ.

ಕೋಶಪ್ರಿಯ, ಮಂಗಳೂರು

ಮೇಷ್ಟರೇ, ಧಾತು ಹೇಳಿದಿರಿ, ಅರ್ಥ ಹೇಳಲಿಲ್ಲ. ‘ನಿಲ್ಕು’ ಎಂದರೆ ಮೈ ನೀಳಮಾಡಿ, ತುದಿಗಾಲಲ್ಲಿ ನಿಂತು ಮುಟ್ಟುವುದು. ತುದಿಗಾಲಲ್ಲಿ ನಿಲ್ಲಬೇಕಾಗಿ ಬರಬಾರದು ಎಂಬುದಕ್ಕಾಗಿಯೇ ಆ ಬಟನ್ ಇರುವುದು! ‘ಎಟಕು’ ಎಂದರೂ ಅದೇ ಕಥೆ: ಕೈ ಚಾಚುವ ಶ್ರಮವೆಲ್ಲ ಓದುಗನದು, ಅಟ್ಟದ ಮೇಲೆ ಇಟ್ಟವನನ್ನು ಯಾರೂ ಕೇಳುವುದಿಲ್ಲ. ಅಲ್ಲದೆ ‘ಕೈಗೆಟಕುವ’ ಎಂದೊಡನೆ ಜನಕ್ಕೆ ನೆನಪಾಗುವುದು ಸೀರೆ ಅಂಗಡಿಯ ದರ. ಹೊಣೆಯನ್ನು ಹಾದಿ ಮಾಡಿದವನ ಮೇಲೆ ಹೊರಿಸುವ ಪದ ಬೇಕು. ‘ಸುಗಮ್ಯ’ ಅಂಥದ್ದು, ಸುಲಭವಾಗಿ ಹೋಗಿ ತಲುಪಬಹುದಾದದ್ದು. ಅಂಗವಿಕಲರಿಗಾಗಿ ಕೇಂದ್ರ ಸರ್ಕಾರ 2015ರ ಡಿಸೆಂಬರ್ 3ರಂದು ಆರಂಭಿಸಿದ ಅಭಿಯಾನದ ಹೆಸರಿನಲ್ಲೂ ಇರುವುದು ಇದೇ.

ನಿವೃತ್ತ ಮೇಷ್ಟರು, ಮೈಸೂರು

ಅದು ದೆಹಲಿಯಲ್ಲಿ ಮುದ್ರೆ ಒತ್ತಿಸಿಕೊಂಡು ಬಂದ ಪದ. ನಮ್ಮಲ್ಲಿ ‘ಸುಗಮ’ ಕಂಡರೆ ಜನ ಭಾವಗೀತೆ ಕೇಳಿಸುತ್ತದೆಂದು ಬಟನ್ ಒತ್ತುತ್ತಾರೆ.

ಕೋಶಪ್ರಿಯ, ಮಂಗಳೂರು

ಸಂಸ್ಕೃತ ದೆಹಲಿಯ ಸ್ವತ್ತಾದದ್ದು ಯಾವಾಗ? ‘ಅರ್ಥ’, ‘ಪದ’ ಎರಡನ್ನೂ ತಾವು ಎಲ್ಲಿಂದ ತಂದಿರಿ?

ಕಿವಿಯೋದುಗ, ಶಿವಮೊಗ್ಗ

ಈ ಚರ್ಚೆಯನ್ನು ಕಿವಿಯಿಂದ, ಅಂದರೆ ತೆರೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶದ ಮೂಲಕ, ಓದುವವನು ಬಹುಶಃ ನಾನೊಬ್ಬನೇ. ಆದ್ದರಿಂದ ಬಟನ್ನನ್ನೇ ಮೊದಲು ಪ್ರಶ್ನಿಸುತ್ತೇನೆ. ಅಕ್ಷರ ಎಷ್ಟು ದೊಡ್ಡದಿರಬೇಕು, ಹಿನ್ನೆಲೆ ಯಾವ ಬಣ್ಣ, ದನಿಯ ವೇಗ ಎಷ್ಟು ಎಂಬುದನ್ನೆಲ್ಲ ನಮ್ಮಂಥವರು ನಮ್ಮ ಯಂತ್ರದಲ್ಲಿ ಹೊಂದಿಸಿಟ್ಟುಕೊಂಡಿರುತ್ತೇವೆ. ಪುಟ ಮಾಡುವವರು ಹೊಸ ಸೌಕರ್ಯ ಕೊಡುವುದಕ್ಕಿಂತ, ಇರುವುದನ್ನು ಕಿತ್ತುಕೊಳ್ಳದಿದ್ದರೆ ದೊಡ್ಡ ಉಪಕಾರ. ಮೊಬೈಲಿನಲ್ಲಿ ಎರಡು ಬೆರಳಿನಿಂದ ಪುಟ ಹಿಗ್ಗಿಸದಂತೆ ಬೀಗ ಹಾಕುವವರಿದ್ದಾರೆ. ಆ ಬೀಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದೆಂದು ಆಪಲ್ 2016ರಲ್ಲಿ ತನ್ನ ಬ್ರೌಸರಿಗೇ ಕಲಿಸಬೇಕಾಯಿತು. ಎಲ್ಲ ಲಿಪಿಗಳಿಗೂ ಒಂದೇ ಸಂಕೇತಪದ್ಧತಿಯಾದ ಯೂನಿಕೋಡಿಗೆ ಮೊದಲಿನ ಫಾಂಟುಗಳಲ್ಲಿ ಬರೆದ ಕನ್ನಡ ಪುಟ ಸಿಕ್ಕರೆ ನನ್ನ ತಂತ್ರಾಂಶ ಅರ್ಥವಿಲ್ಲದ ರೋಮನ್ ಅಕ್ಷರಗಳನ್ನು ಉದುರಿಸುತ್ತದೆ. ಶೀರ್ಷಿಕೆ ಅಂದವಾಗಿ ಕಾಣಲೆಂದು ಅದನ್ನು ಚಿತ್ರ ಮಾಡಿಟ್ಟರೆ ಅಷ್ಟೂ ಇಲ್ಲ, ಬರೀ ಮೌನ.

‘ಮೀರು’ ನನಗೆ ಒಪ್ಪಿಗೆಯಿಲ್ಲ. ಆಜ್ಞೆ ಮೀರುತ್ತಾರೆ, ಮಿತಿ ಮೀರುತ್ತಾರೆ. ನಾನು ಅಕ್ಷರ ದೊಡ್ಡದು ಮಾಡಿಕೊಂಡರೆ ಯಾರ ಆಜ್ಞೆಯನ್ನು ಮೀರಿದಂತಾಯಿತು? ಪುಟದ ರೂಪವನ್ನು ಹೇಳುವ ಸಿಎಸ್‌ಎಸ್ ಎಂಬ ಭಾಷೆಯಲ್ಲಿ ಇಬ್ಬರ ಮಾತಿಗೂ ಜಾಗವಿದೆ, ಮಾಡಿದವರದಕ್ಕೂ ಓದುವವರದಕ್ಕೂ. ಇಬ್ಬರೂ ‘ಇದು ಮುಖ್ಯ’ ಎಂದು ಹಟ ಹಿಡಿದರೆ 1996ರ ಮೊದಲ ಆವೃತ್ತಿಯಲ್ಲಿ ಮಾಡಿದವರ ಮಾತು ನಡೆಯುತ್ತಿತ್ತು. 1998ರ ಎರಡನೆಯ ಆವೃತ್ತಿಯಲ್ಲಿ ಅದನ್ನು ತಿರುಗಿಸಿ ಓದುವವರ ಮಾತು ನಡೆಯುವಂತೆ ಮಾಡಿದರು. ನಿಯಮವೇ ಕೊಟ್ಟ ಹಕ್ಕು ಅದು. ಅಂದ ಹಾಗೆ, ಆ ಕತ್ತರಿಸಿಹೋದ ಒತ್ತಕ್ಷರದ ಬಗ್ಗೆ ವಿನ್ಯಾಸಕಾರರಿಗೆ ಹೇಳಿ: ಓದುಗ ಸಾಲಿನ ಎತ್ತರವನ್ನು ಅಕ್ಷರದ ಒಂದೂವರೆಪಟ್ಟು ಮಾಡಿಕೊಂಡರೂ ಪಠ್ಯ ಕಳೆದುಹೋಗಬಾರದು ಎಂದು 2018ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಚಿಕ್ಕದಾಗಬೇಕಾದದ್ದು ಪದವಲ್ಲ.

ಅನುವಾದಕಿ, ಧಾರವಾಡ

ಸರ್, ಬಟನ್ ತೆಗೆಯುವ ಅಧಿಕಾರ ನನಗಿಲ್ಲ. ಗಂಟೆ ನಾಲ್ಕಾಯಿತು.

ಪತ್ರಿಕೆಯವನು, ಹುಬ್ಬಳ್ಳಿ

ನಾಮಪದವೇ ಏಕೆ ಬೇಕು? ಭಾವನಾಮವೊಂದನ್ನು ಹಿಡಿದು ಬಾಗಿಲಿಗೆ ಮೊಳೆ ಹೊಡೆಯುವುದು ಇಂಗ್ಲಿಷಿನ ಚಾಳಿ. ನಮ್ಮ ಬಸ್ ನಿಲ್ದಾಣದಲ್ಲಿ ‘ವಿಚಾರಣೆ’ ಎಂಬ ಬೋರ್ಡಿನ ಕೆಳಗೆ ನಿಂತು ಜನ ‘ಇಲ್ಲಿ ಕೇಳಬಹುದಾ’ ಎಂದೇ ಕೇಳುತ್ತಾರೆ. ಬಟನ್ ಏನು ಮಾಡುತ್ತದೋ ಅದನ್ನು ಬರೆಯಿರಿ: ‘ಅಕ್ಷರ, ಬಣ್ಣ’. ಓವರ್‌ರೈಡಿಗೂ ಶಿವಮೊಗ್ಗದವರೇ ಉತ್ತರ ಕೊಟ್ಟಾಗಿದೆ, ಯಾರೂ ಗಮನಿಸಲಿಲ್ಲ. ‘ವಿನ್ಯಾಸಕಾರ ಏನೇ ಗೊತ್ತುಮಾಡಿದ್ದರೂ ಕೊನೆಗೆ ಓದುವವರ ಮಾತೇ ನಡೆಯುತ್ತದೆ.’ ಒಂದೇ ಕ್ರಿಯಾಪದ ಬೇಕೆಂಬ ಹಟ ಬಿಟ್ಟರೆ ವಾಕ್ಯ ತಾನಾಗಿ ಬರುತ್ತದೆ.

ನಿವೃತ್ತ ಮೇಷ್ಟರು, ಮೈಸೂರು

‘ಬಣ್ಣ’ ತದ್ಭವ. ‘ಅಕ್ಷರ’ ತತ್ಸಮ. ಇರಲಿ, ಸುಮ್ಮನಾಗುತ್ತೇನೆ. ಆದರೆ ‘ಬಳಕೆದಾರ’ ಅರಿಸಮಾಸ, ಒಂದಕ್ಕೊಂದು ಸೇರದ ಎರಡು ಭಾಷೆಗಳ ಜೋಡಿ. ಅದಕ್ಕೆ ಮಾತ್ರ ಸುಮ್ಮನಿರಲಾರೆ.

ಕೋಶಪ್ರಿಯ, ಮಂಗಳೂರು

ಅರಿಸಮಾಸವಲ್ಲ. ಸಮಾಸವೇ ಅಲ್ಲ! ‘ದಾರ’ ಪ್ರತ್ಯಯ, ಮೂಲ ಪಾರಸಿ. ಕನ್ನಡ ನಾಮಪದಕ್ಕೆ ಹತ್ತಿ ತದ್ಧಿತಾಂತವಾಗಿದೆ. ‘ಪಾಲುದಾರ’, ‘ಬಾಡಿಗೆದಾರ’, ‘ಗುತ್ತಿಗೆದಾರ’ ಎಲ್ಲವೂ ಹಾಗೆಯೇ ಆದವು. ಮೇಷ್ಟರು ಮನೆ ಬಾಡಿಗೆಗೆ ಕೊಟ್ಟಿದ್ದರೆ ಕರಾರುಪತ್ರದಲ್ಲಿ ‘ಬಾಡಿಗೆಯುಗ’ ಎಂದು ಬರೆಸಿದ್ದಾರೆಯೇ?

ನಿವೃತ್ತ ಮೇಷ್ಟರು, ಮೈಸೂರು

ನನ್ನ ಮನೆಯ ವಿಷಯ ಇಲ್ಲಿ ಬೇಡ. ‘ಗಾರ’ ಇರಲಿಲ್ಲವೇ? ಬಳೆಗಾರ, ಹೂಗಾರ. ‘ಬಳಕೆಗಾರ’ ಎಂದರೆ ನಾಲಗೆಗೆ ಮುಳ್ಳು ಚುಚ್ಚುತ್ತದೆಯೇ?

ಪತ್ರಿಕೆಯವನು, ಹುಬ್ಬಳ್ಳಿ

ಬಳೆಗಾರ ಬಳೆ ಮಾರುತ್ತಾನೆ, ಹೂಗಾರ ಹೂವು ಮಾರುತ್ತಾನೆ. ಬಳಕೆಗಾರ ಏನು ಮಾರುತ್ತಾನೆ?

ಅನುವಾದಕಿ, ಧಾರವಾಡ

ಎಲ್ಲರಿಗೂ ವಂದನೆ. ಬಟನ್ನಿನ ಮೇಲೆ ‘ಅಕ್ಷರ, ಬಣ್ಣ’ ಹೋಯಿತು. ಕೈಪಿಡಿಯಲ್ಲಿ ವಿಷಯದ ಹೆಸರು ಬೇಕಾದ ಎರಡು ಕಡೆ ‘ಸುಗಮ್ಯತೆ’ ಇಟ್ಟೆ, ಮೇಷ್ಟರು ಕ್ಷಮಿಸಬೇಕು. ‘ಬಳಕೆದಾರ’ ಬಂದ ಕಡೆಯೆಲ್ಲ ‘ಬಳಸುವವರು’ ಎಂದು ಮಾಡಿದೆ, ಆ ಜಗಳ ನನ್ನ ಕೈಲಾಗದು. ಶಿವಮೊಗ್ಗದ ಸರ್ ಬರೆದದ್ದನ್ನು ವಿನ್ಯಾಸಕಾರರಿಗೆ ಕಳಿಸಿದೆ. ಎತ್ತರದ ಬಿಗಿ ತೆಗೆದಿದ್ದಾರೆ. ‘ಕ್ಷ’ದ ಒತ್ತು ಈಗ ಪೂರ್ತಿ ಕಾಣುತ್ತದೆ. ಹಿಗ್ಗಿಸುವ ಬೀಗವನ್ನು ಮಾತ್ರ ಬಿಡಲಿಲ್ಲ, ‘ಜೋಡಣೆ ಕೆಟ್ಟುಹೋಗುತ್ತದೆ’ ಎನ್ನುತ್ತಾರೆ.

ಕಿವಿಯೋದುಗ, ಶಿವಮೊಗ್ಗ

ಕೆಡಲಿ.

ನಿವೃತ್ತ ಮೇಷ್ಟರು, ಮೈಸೂರು

ಹುಬ್ಬಳ್ಳಿಯವರಿಗೆ: ‘ಓಟಗಾರ’ ಓಟ ಮಾರುತ್ತಾನೆಯೇ? ‘ಮಾತುಗಾರ’ ಮಾತು ಮಾರುತ್ತಾನೆಯೇ? ಉತ್ತರ ಬರಲಿ.