ಸ್ಟ್ಯಾಂಡ್‌ಅಪ್‌ನಿಂದ ಟಿವಿ ನಿರೂಪಣೆಗೆ: ಆಡಿಷನ್‌ಗೆ ತಯಾರಿ ಹೇಗೆ?

ಜಯನಗರ_ಫೋರ್ತ್‌ಬ್ಲಾಕ್:
ಬೆಂಗಳೂರಿನ ಒಂದು ಮನರಂಜನಾ ಚಾನೆಲ್ ಕಾಮಿಡಿ ಶೋಗೆ ನಿರೂಪಕರನ್ನು ಹುಡುಕುತ್ತಿದೆ. ಮೂರು ನಿಮಿಷದ ವಿಡಿಯೊ ಕೇಳಿದ್ದಾರೆ. ಕೈಯಲ್ಲಿ ಹತ್ತು ನಿಮಿಷದ ಕನ್ನಡ ಸೆಟ್ (ಸ್ಟೇಜಿನಲ್ಲಿ ಒಂದೇ ಸಲಕ್ಕೆ ಹೇಳುವ ಜೋಕುಗಳ ಸರಣಿ) ಇದೆ. ಅದರಲ್ಲಿ ಚೆನ್ನಾಗಿ ನಗು ಬಿದ್ದ ತುಂಡನ್ನೇ ಕಳಿಸಿದರೆ ಆಗುತ್ತಾ? ಕಪಿಲ್ ಶರ್ಮಾ, ಅಮೆರಿಕದ ಟಾಕ್ ಶೋ ನಿರೂಪಕ ಡೇವಿಡ್ ಲೆಟರ್‌ಮನ್ ಎಲ್ಲ ಸ್ಟೇಜಿನಿಂದ ನೇರ ಟಿವಿಗೆ ಬಂದವರಲ್ವಾ? ಅಗ್ರಿಮೆಂಟ್ ವಿಷಯ ಗೊತ್ತಿರುವವರೂ ಹೇಳಿ.

ಪಿಸಿಆರ್_ಮೂಲೆ:
ಸೆಟ್ ಕಳಿಸಬೇಡಿ. ನೀವು ನಗಿಸಬಲ್ಲಿರಿ ಅನ್ನೋದು ಅವರಿಗೆ ಯೂಟ್ಯೂಬ್ ನೋಡಿದರೇ ಗೊತ್ತಾಗುತ್ತೆ. ಇನ್ನೊಬ್ಬರ ಜೋಕಿಗೆ ನೀವು ಜಾಗ ಬಿಡ್ತೀರಾ, ಅದನ್ನು ನೋಡಬೇಕಾಗಿರುತ್ತೆ. ಮೂರು ನಿಮಿಷವನ್ನು ಹೀಗೆ ಹಂಚಿಕೊಳ್ಳಿ: ಸ್ವಾಗತ 30 ಸೆಕೆಂಡ್, ಯಾರನ್ನಾದರೂ ಎದುರು ಕೂರಿಸಿಕೊಂಡು ಮಾತು 90, ಒಬ್ಬ ಸ್ಪರ್ಧಿಯ ಪರಿಚಯ 40, ಬ್ರೇಕ್‌ಗೆ ಹೋಗುವ ಲಿಂಕ್ 20. ಕೊನೆಯದನ್ನು ಎಲ್ಲರೂ ಸಪ್ಪೆ ಮಾಡುತ್ತಾರೆ. ಟಿಕೆಟ್ ಕೊಟ್ಟು ಕೂತವನು ಎದ್ದು ಹೋಗಲ್ಲ. ಮನೆಯಲ್ಲಿ ರಿಮೋಟ್ ಕೈಯಲ್ಲೇ ಇರುತ್ತೆ. ಬ್ರೇಕ್ ಆದಮೇಲೆ ಏನಿದೆ ಅಂತ ಅರ್ಧ ಹೇಳಿ ಬಿಡಬೇಕು.

ಫೋನ್ ಅಡ್ಡ ಹಿಡಿಸಿ, ಕಣ್ಣಿನ ಮಟ್ಟಕ್ಕಿರಲಿ. ಕಿಟಕಿ ಬೆಳಕು ಮುಖದ ಮೇಲೆ ಬೀಳಲಿ. ಫ್ಯಾನ್ ಆರಿಸಿ, ಕಾಲರ್ ಮೈಕ್ ಹಾಕಿ. ಕೈಯಲ್ಲಿ ಮೈಕ್ ಹಿಡಿದು ರೂಢಿಯಾದವರಿಗೆ ಅದು ಇಲ್ಲದಿದ್ದರೆ ಕೈ ಎಲ್ಲಿಡಬೇಕು ಅಂತಲೇ ತೋಚಲ್ಲ, ಇದು ವಿಡಿಯೊದಲ್ಲಿ ಎದ್ದು ಕಾಣುತ್ತೆ. ಸಣ್ಣ ಗೆರೆ, ಸಣ್ಣ ಚೌಕಳಿಯ ಅಂಗಿ ಬೇಡ, ಕ್ಯಾಮೆರಾದಲ್ಲಿ ಅಲೆ ಅಲೆಯಾಗಿ ಕುಣಿಯುತ್ತೆ. ರೇಷ್ಮೆ ಕಾಲರ್ ಮೈಕಿಗೆ ಉಜ್ಜಿ ಸರಸರ ಅನ್ನುತ್ತೆ.

ಶೂಟಿಂಗ್ ಫ್ಲೋರ್‌ಗೆ ಕರೆದರೆ ಮೊದಲು ಕಾಡುವುದು ಟಾಕ್‌ಬ್ಯಾಕ್, ಅಂದರೆ ಕಂಟ್ರೋಲ್ ರೂಮಿನ ಮಾತು ಕೇಳಿಸುವ ಇಯರ್‌ಪೀಸ್. ಕಿವಿಯೊಳಗೆ ಡೈರೆಕ್ಟರ್ "ಹತ್ತು, ಒಂಬತ್ತು" ಎಣಿಸುತ್ತಿದ್ದರೂ ಬಾಯಿ ನಿಲ್ಲಬಾರದು. ಒಂದು ಕಿವಿಗೆ ಕ್ರಿಕೆಟ್ ಕಾಮೆಂಟರಿ ಹಾಕಿಕೊಂಡು ದಿನಾ ಹತ್ತು ನಿಮಿಷ ಪೇಪರ್ ಗಟ್ಟಿಯಾಗಿ ಓದಿ. ಕೆಂಪು ದೀಪ ಉರಿಯುವ ಕ್ಯಾಮೆರಾ ನೋಡಿ, ನೆಲದ ಟೇಪ್ ಗುರುತು ಬಿಟ್ಟು ಕದಲಬೇಡಿ. ಸ್ಟೇಜಿನಲ್ಲಿ ಓಡಾಡುವವರು ಇಲ್ಲಿ ಲೈಟಿನಿಂದಲೇ ಆಚೆ ಹೋಗಿಬಿಡುತ್ತಾರೆ.

ಟೈಮಿಂಗ್ ವಿಷಯ. ಕ್ಲಬ್ಬಿನಲ್ಲಿ ನಗು ಇಳಿಯುತ್ತಿರುವಾಗಲೇ ಮುಂದಿನ ಸಾಲು ಎತ್ತಿಕೊಳ್ಳುತ್ತೇವೆ. ಟಿವಿಯಲ್ಲಿ ನಗುವಿನ ಮೇಲೆ ಮಾತು ಬಿದ್ದರೆ ಎಡಿಟರ್‌ಗೆ ಕತ್ತರಿಸಲು ಜಾಗವೇ ಸಿಗಲ್ಲ. ಒಂದು ಸೆಕೆಂಡ್ ಖಾಲಿ ಬಿಡಿ. ರೀಟೇಕ್ ಆದರೆ ಜನ ಎರಡನೇ ಸಲ ಅಷ್ಟು ನಗುವುದಿಲ್ಲ, ಗಾಬರಿಯಾಗಿ ಪಂಚ್ ಬದಲಾಯಿಸಬೇಡಿ. ಮೊದಲ ಟೇಕಿನ ನಗುವನ್ನು ಎರಡನೇ ಟೇಕಿನ ಮಾತಿಗೆ ಜೋಡಿಸಬೇಕಾದರೆ ಪದ, ಕೈ ಸನ್ನೆ ಎರಡೂ ಅವೇ ಇರಬೇಕು.

ಹಳೇ_ಚಾನೆಲ್:
"ನೇರ" ಅನ್ನೋದು ಅಷ್ಟು ಸರಿಯಲ್ಲ. ಲೆಟರ್‌ಮನ್ ಕ್ಲಬ್‌ಗಳಿಗೆ ಬರುವ ಮೊದಲೇ ಇಂಡಿಯಾನಾಪೊಲಿಸ್‌ನ ಟಿವಿಯಲ್ಲಿ ಹವಾಮಾನ ಹೇಳುತ್ತಿದ್ದರು, ಕ್ಯಾಮೆರಾ ಹೊಸದೇನಲ್ಲ. ಜಾನಿ ಕಾರ್ಸನ್ ನಡೆಸುತ್ತಿದ್ದ ಟುನೈಟ್ ಶೋದಲ್ಲಿ 1978ರಲ್ಲಿ ಕಾಣಿಸಿಕೊಂಡರು, 1980ರಲ್ಲಿ ಅವರದೇ ಬೆಳಗಿನ ಶೋ ಕೆಲವೇ ತಿಂಗಳಲ್ಲಿ ಮುಚ್ಚಿತು, 1982ರಲ್ಲಿ ಲೇಟ್ ನೈಟ್ ಅನ್ನೋ ರಾತ್ರಿ ಟಾಕ್ ಶೋ ಸಿಕ್ಕಿತು. ಅಲ್ಲಿಂದ 2015ರವರೆಗೆ ಅದೇ ಕೆಲಸ. ಕಪಿಲ್ 2007ರಲ್ಲಿ ಲಾಫ್ಟರ್ ಚಾಲೆಂಜ್ ಸ್ಪರ್ಧೆ ಗೆದ್ದರು, ಅವರದೇ ಶೋ ಕಾಮಿಡಿ ನೈಟ್ಸ್ ಶುರುವಾದದ್ದು 2013ರಲ್ಲಿ. ಆರು ವರ್ಷದ ಅಂತರ.

ಕನ್ನಡದಲ್ಲಿ ದಾರಿ ಬೇರೆ. 2015ರಲ್ಲಿ ಮಜಾ ಟಾಕೀಸ್ ಕಾಮಿಡಿ ಶೋ ಶುರುಮಾಡಿದ ಸೃಜನ್ ಲೋಕೇಶ್ ನಟನೆ, ನಿರೂಪಣೆ ಮಾಡಿಕೊಂಡು ಬಂದವರು. ಪ್ರಾಣೇಶ್, ಕೃಷ್ಣೇಗೌಡರಂಥವರದು ಭಾಷಣದ ಹಾಸ್ಯ, ಮಾತು ಎಲ್ಲೆಲ್ಲೋ ಸುತ್ತಿ ಬರಲು ಅಲ್ಲಿ ಪುರುಸೊತ್ತಿದೆ. ಇಂದಿರಾನಗರದ ಓಪನ್ ಮೈಕಿನ (ಯಾರು ಬೇಕಾದರೂ ಹತ್ತಿ ಜೋಕು ಹೇಳುವ ಸ್ಟೇಜ್) ಅರ್ಧ ಇಂಗ್ಲಿಷ್ ಕನ್ನಡ ಮಾತ್ರ ಟಿವಿ, ಭಾಷಣ ಎರಡೂ ಕಡೆ ನಡೆಯಲ್ಲ. ಸಿಲ್ಕ್ ಬೋರ್ಡ್ ಟ್ರಾಫಿಕ್ ಜೋಕಿಗೆ ಕಲಬುರಗಿಯಲ್ಲಿ ಯಾಕೆ ನಗಬೇಕು ಹೇಳಿ? ಮನೆ, ಮದುವೆ, ಮಾವ, ಸಾಲ, ಇವು ಎಲ್ಲ ಜಿಲ್ಲೆಗೂ ಓಡುತ್ತವೆ.

ಲೆಕ್ಕದ_ಪುಸ್ತಕ:
ಅಗ್ರಿಮೆಂಟಿನಲ್ಲಿ ನಾಲ್ಕು ಕಡೆ ಕಣ್ಣಿಡಿ. ನಿಮ್ಮ ಹಳೇ ಸೆಟ್ ಶೋದಲ್ಲಿ ಆಡಿದರೆ ಅದು ಯಾರ ಸ್ವತ್ತು? ಬರೆದುಕೊಳ್ಳದಿದ್ದರೆ ನಿಮ್ಮ ಜೋಕಿನ ಕ್ಲಿಪ್ ನಿಮ್ಮ ಯೂಟ್ಯೂಬಿಗೆ ಹಾಕಿದಾಗ ಕಾಪಿರೈಟ್ ಕ್ಲೇಮ್ ಬರುತ್ತೆ. ಬೇರೆ ಚಾನೆಲ್ಲಿಗೆ ಹೋಗಬಾರದು ಅಂತ ಇದ್ದರೆ ಲೈವ್ ಶೋ, ಕಾರ್ಪೊರೇಟ್ ಶೋ ಅದರಿಂದ ಹೊರಗೆ ಅಂತ ಸೇರಿಸಿಸಿ. ಹೊಟ್ಟೆಪಾಡು ಅಲ್ಲೇ ಇರೋದು. ಸಂಭಾವನೆ ಎಪಿಸೋಡಿಗೋ ಶೂಟಿಂಗ್ ದಿನಕ್ಕೋ? ಒಂದೇ ದಿನ ಎರಡು ಎಪಿಸೋಡ್ ತೆಗೆದರೆ ವ್ಯತ್ಯಾಸ ಗೊತ್ತಾಗುತ್ತೆ. ಇನ್‌ವಾಯ್ಸ್ ಕೊಟ್ಟ ಎಷ್ಟು ದಿನಕ್ಕೆ ಹಣ, ಅದೂ ಅಂಕಿಯಲ್ಲಿರಲಿ. ಶೇ. 10 ಟಿಡಿಎಸ್ (ಮೊದಲೇ ಕಡಿತ ಮಾಡುವ ಆದಾಯ ತೆರಿಗೆ) ಹಿಡಿದು ಕೊಡುತ್ತಾರೆ, ರಿಟರ್ನ್ ಸಲ್ಲಿಸುವಾಗ ಲೆಕ್ಕಕ್ಕೆ ಬರುತ್ತೆ. ಲೈವ್ ಶೋ ಎಲ್ಲ ಸೇರಿ ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು.

ಬಿಡದಿ ಕಡೆ ಶೂಟಿಂಗ್ ಸೆಟ್ ಆದರೆ ಗಾಡಿ ಯಾರದು ಅಂತಲೂ ಕೇಳಿ.

ಜಯನಗರ_ಫೋರ್ತ್‌ಬ್ಲಾಕ್:
ಇಷ್ಟೊಂದು ಯೋಚಿಸಿರಲಿಲ್ಲ, ಥ್ಯಾಂಕ್ಸ್. ಟಾಕ್‌ಬ್ಯಾಕ್ ಯಾವ ಕಿವಿಗೆ ಹಾಕೋದು?

ಪಿಸಿಆರ್_ಮೂಲೆ:
ಅತಿಥಿ ಬಲಕ್ಕೆ ಕೂತರೆ ಎಡ ಕಿವಿಗೆ. ಅವರ ಮಾತು ಕೇಳಿಸಿಕೊಳ್ಳುವ ಕಿವಿ ತೆರೆದಿರಬೇಕು. ಸೀಟು ಯಾವ ಕಡೆ ಅಂತ ಸೆಟ್ಟಿಗೆ ಹೋದ ತಕ್ಷಣ ಫ್ಲೋರ್ ಮ್ಯಾನೇಜರ್‌ನ ಕೇಳಿಬಿಡಿ, ವೈರ್ ಬೆನ್ನಿಗೆ ಟೇಪ್ ಹಾಕಿ ಕೂರಿಸಿದ ಮೇಲೆ ಬದಲಾಯಿಸೋದು ರಗಳೆ.